ಸೂಜಿ ಚುಚ್ಚಿಸಿಕೊಂಡು ಪರೀಕ್ಷೆಗೆ ಬಂದ ಕನಕಪ್ಪ ಮಾವ

ನಮ್ಮ ಕನಕಪ್ಪ ಮಾವ ಅಮೀನಗಡದ ಹತ್ತಿರ ಅರವತ್ತು ಕುರಿ ಕಾಯುವ ಮನುಷ್ಯ. ವಯಸ್ಸು ನಲವತ್ತೆಂಟು, ಮಾತು ಮೂವರಿಗಾಗುವಷ್ಟು. ಅಂಥವನು ಹೋದ ವರ್ಷ ಮೆತ್ತಗಾದ. ಹಗಲೆಲ್ಲ ಜಾಲಿ ನೆರಳಲ್ಲಿ ನಿದ್ದೆ, ಸಂಜೆಗೆ ಸಿಡಿಮಿಡಿ. ಹೆಂಡತಿ ಸತ್ಯವ್ವನ ಕಡೆ ಕಣ್ಣೆತ್ತಿ ನೋಡುವುದೂ ನಿಂತಿತು.

ನಾನು ಬಾಗಲಕೋಟೆಯ ದವಾಖಾನೆಯೊಂದರಲ್ಲಿ ರಕ್ತ ಪರೀಕ್ಷೆ ಮಾಡುವವನು. ಬೈದು ಕರೆತಂದು ಡಾಕ್ಟರ್ ವಿದ್ಯಾ ಅವರ ಮುಂದೆ ಕೂರಿಸಿದೆ. ಎರಡು ಸಲ ನೋಡಿದರೂ ಟೆಸ್ಟೋಸ್ಟೆರಾನ್, ಅಂದರೆ ಗಂಡಸಿಗೆ ಕಸುವು ಕೊಡುವ ಹಾರ್ಮೋನು, ತಳ ಕಂಡಿತ್ತು. ಮೂರು ವಾರಕ್ಕೊಮ್ಮೆ ತನ್ನೂರಲ್ಲೇ ಕುಂಡಿಗೆ ಹಾಕಿಸಿಕೊಳ್ಳುವ ಇಂಜೆಕ್ಷನ್ ಶುರುವಾಯಿತು. ಮನೆಯಲ್ಲಿ ನಾಚಿಕೊಂಡು ಸತ್ಯವ್ವ ಅತ್ತೆಗೆ ‘ಶಕ್ತಿ ಸೂಜಿ’ ಎಂದಷ್ಟೇ ಹೇಳಿದ.

ಎರಡು ತಿಂಗಳಲ್ಲಿ ಮಾವ ಚಿಗುರಿದ. ಬುತ್ತಿಗೆ ಒಂದು ರೊಟ್ಟಿ ಹೆಚ್ಚು ಕಟ್ಟಿಸಿಕೊಳ್ಳತೊಡಗಿದ.

“ಮಟ್ಟ ಎಷ್ಟೈತಿ ನೋಡೂಣ್ರಿ,” ಎಂದರು ಡಾಕ್ಟರ್. “ಮುಂದಿನ ಸೂಜಿಗಿಂತ ಮೊದಲ ಬಂದು ರಕ್ತ ಕೊಡ್ರಿ.”

ಮಾವ ಬಂದ. ಕುರ್ಚಿಯ ಮೇಲೆ ಒಂದೇ ಕುಂಡಿಯೂರಿ ಓರೆಯಾಗಿ ಕೂತ. ಯಾಕೆಂದು ಕೇಳದ ನಾನೂ ದಡ್ಡನೇ. ಅಂಕಿ ಎಲ್ಲೆ ಮೀರಿ ಮೇಲೇರಿತ್ತು. ಹೆಚ್ಚಾದರೆ ರಕ್ತ ದಪ್ಪಗಾಗುತ್ತದೆ ಎಂದು ಡಾಕ್ಟರ್ ಔಷಧವನ್ನು ಅರ್ಧಕ್ಕಿಳಿಸಿದರು.

ಎರಡು ತಿಂಗಳಿಗೆ ಮಾವ ಮತ್ತೆ ಜಾಲಿ ನೆರಳು ಹಿಡಿದ. ಒಂದು ದಿನ ಅತ್ತೆಯ ಫೋನು ಬಂತು. ಅಳುತ್ತಿದ್ದಳು. “ಬೀರೇಶಾ, ನಿಮ್ಮ ಮಾವ ಎಲ್ಲಾ ಕುರಿ ಶನಿವಾರ ಸಂತ್ಯಾಗ ಮಾರ್ತಾನಂತ. ನನ್ನ ಕೈಲಿ ಇನ್ನ ಆಗೂದಿಲ್ಲ ಅಂತಾನ. ಕುರಿ ಹೋದ್ರ ಈ ಮನುಷ್ಯಾ ಉಳಿಯೂದಿಲ್ಲೋ.”

ಅಂದೇ ಬಸ್ ಹತ್ತಿದೆ. ಓರೆಯಾಗಿ ಕೂತಿದ್ದು ದಾರಿಯಲ್ಲಿ ನೆನಪಾಯಿತು.

“ಮಾವಾ, ಖರೆ ಹೇಳು. ರಕ್ತ ಕೊಡೂ ಹಿಂದಿನ ದಿನ ಏನ್ ಮಾಡಿದ್ದಿ?”

ಮಾವ ನೆಲ ಕೆರೆದ. “ಸೂಜಿ ಮಾಡಿಸ್ಕೊಂಡ ಬಂದಿದ್ನೆಲೇ. ಸಂತಿ ಮುಂದ ಕುರಿಗೆ ಉಪ್ಪ ನೆಕ್ಕಿಸಿ ನೀರ ಕುಡಿಸ್ತೇವಲ್ಲ, ಹೊಟ್ಟಿ ತುಂಬಿ ಕಾಣಲಿ ಅಂತ. ಆ ಡಾಕ್ಟರ್ ಅಕ್ಕಾರ ಮುಂದ ನನ್ನ ಅಂಕಿ ಸಣ್ಣದು ಬರಬಾರದಂತ...”

ನಗಬೇಕೋ ಅಳಬೇಕೋ ತಿಳಿಯಲಿಲ್ಲ. “ಕೊಳ್ಳಾಕ ಬಂದ ದಲಾಲಿ ಏನು ಅವ್ರು? ಸೂಜಿ ತಗೊಂಡ ಮರುದಿನ ಯಾರ್ದಾದ್ರೂ ಏರ್ತೈತಿ! ಇಳಿದಾಗಿನ ಅಂಕಿ ಬೇಕಾಗಿತ್ತು ಅವ್ರಿಗೆ. ಗಟ್ಟ್ಯಾಗೀನಿ ಅಂತ ತೋರಿಸಾಕ ಹೋಗಿ ನಿನ್ನ ಔಷಧ ನೀನ ಕಡಿಮಿ ಮಾಡಿಸ್ಕೊಂಡಿ!” ಎಂದು ಕೂಗಾಡಿದೆ.

ಶುಕ್ರವಾರ ಸೂಜಿಯ ಸರದಿಯಿತ್ತು. ಈ ಸಲ ಸೂಜಿಗೆ ಮೊದಲೇ ರಕ್ತ ತೆಗೆದೆ. ಅಂಕಿ ನೆಲ ಕಚ್ಚಿತ್ತು. ಅತ್ತೆಯೂ ಜೊತೆಗೆ ಬಂದಿದ್ದಳು. ಅವಳ ಮುಂದೆಯೇ ಮಾವ ತಲೆತಗ್ಗಿಸಿ ಡಾಕ್ಟರಿಗೆ ಎಲ್ಲ ಒಪ್ಪಿಸಿದ. ಅವರು ನಗಲಿಲ್ಲ. ಔಷಧವನ್ನು ಸರಿಪಡಿಸಿ ಬರೆದರು. ಇದು ಗ್ರಂಥಿಯ ಕೊರತೆ, ಗಂಡಸುತನದ ಪರೀಕ್ಷೆಯಲ್ಲ ಎಂದು ಅತ್ತೆಗೂ ಬಿಡಿಸಿ ಹೇಳಿದರು.

ಅತ್ತೆ ಗಂಡನನ್ನೇ ನೋಡಿದಳು. “ನಾ ನಿಂಗ ಬ್ಯಾಸರಾಗೀನಿ ಅಂತ ತಿಳ್ಕೊಂಡಿದ್ದೆ. ಒಂದ ಮಾತ ಹೇಳಾಕ ಏನಾಗಿತ್ತು ನಿಂಗ?”

ಅವಳು ಡಾಕ್ಟರ ಕಡೆ ತಿರುಗಿದಳು. “ಸೂಜಿ ಎಷ್ಟ ದಿನ ತಗೋಬೇಕ್ರಿ?”

“ಭಾಳ ವರ್ಷ ಬೇಕಾಗಬಹುದು.”

“ಆಗಲಿ. ತಾರೀಖು ನಾ ನೆನಪಿಡ್ತೇನ್ರಿ. ಅಂವ ಕುರಿ ಕಾಯಲಿ, ಅಂವನ್ನ ನಾ ಕಾಯ್ತೇನಿ.”

ಮಾವ ರುಮಾಲಿನ ಚುಂಗಿನಿಂದ ಕಣ್ಣೊರೆಸಿಕೊಂಡ. ಮರುದಿನದ ಸಂತೆಗೆ ಅವನ ಒಂದು ಕುರಿಯೂ ಹೋಗಲಿಲ್ಲ.