ಕಿರುಬೆರಳು ಕೈಕೊಟ್ಟ ವರ್ಷ

ಬೆಳ್ತಂಗಡಿಯ ಒಂದು ಮದುವೆ ಹಾಲ್‌ನಲ್ಲಿ, ಜನ ಊಟಕ್ಕೆ ಏಳುತ್ತಿದ್ದ ಹೊತ್ತಿನಲ್ಲಿ, ನನ್ನ ಎಡಗೈಯ ಕಿರುಬೆರಳು ತಂತಿಯ ಮೇಲೆ ಕೂರಲಿಲ್ಲ. ಒತ್ತಿದ್ದೇನೆ ಎಂದೇ ನನ್ನ ಭಾವನೆ. ಆದರೆ ಸ್ವರದ ಬದಲು ಟಪ್ ಎಂಬ ಮೊಂಡು ಸದ್ದು ಬಂತು. ಎಲೆ ಹಾಕುವ ಗಡಿಬಿಡಿಯಲ್ಲಿ ಯಾರೂ ಗಮನಿಸಲಿಲ್ಲ. ಹಾಡು ಮುಗಿಯುವವರೆಗೆ ನಾನೊಬ್ಬಳೇ ಬೆವರುತ್ತಿದ್ದೆ.

ರಸಮಂಜರಿ ತಂಡಗಳಲ್ಲಿ ಗಿಟಾರ್ ನುಡಿಸಲು ತೊಡಗಿ ಆಗ ನನಗೆ ಹದಿನೆಂಟು ವರ್ಷವಾಗಿತ್ತು. ಮದುವೆ, ಶಾಲೆಯ ವಾರ್ಷಿಕೋತ್ಸವ, ತುಳು ನಾಟಕದ ಹಿನ್ನೆಲೆ ಸಂಗೀತ, ಎಲ್ಲಿಗೆ ಕರೆದರೂ ಹೋಗುತ್ತಿದ್ದೆ. ಪುತ್ತಿಗೆಯ ಹೆಂಗಸೊಬ್ಬಳು ಗಿಟಾರ್ ಹೊತ್ತು ಬಸ್ಸು ಹತ್ತಿದರೆ ಮೊದಮೊದಲು ಎಲ್ಲರೂ ತಿರುಗಿ ನೋಡುತ್ತಿದ್ದರು. ಕ್ರಮೇಣ ಕಂಡಕ್ಟರೇ "ಸ್ವಲ್ಪ ಆಚೆ ಕೂತ್ಕೊಳ್ಳಿ ಮಾರಾಯ್ರೆ, ಗಿಟಾರಿಗೆ ಜಾಗ ಬೇಕು" ಎನ್ನತೊಡಗಿದ.

ನನಗೆ ಕಲಿಸಿದವರು ಬಂಟ್ವಾಳದ ಒಬ್ಬ ಟೈಲರ್. ಭಾನುವಾರ ಇಗರ್ಜಿಯ ಗಾಯನ ತಂಡಕ್ಕೆ ಗಿಟಾರ್ ನುಡಿಸುತ್ತಿದ್ದರು, ಉಳಿದ ದಿನ ರವಿಕೆ ಹೊಲಿಯುತ್ತಿದ್ದರು. ಕಾಲೇಜಿಗೆ ಹೋಗುತ್ತಿದ್ದಾಗ ಅಳತೆ ಕೊಡಲು ಹೋದವಳು ಗೋಡೆಯಲ್ಲಿ ತೂಗುತ್ತಿದ್ದ ಗಿಟಾರನ್ನು ನೋಡುತ್ತಾ ನಿಂತುಬಿಟ್ಟಿದ್ದೆ. "ಮುಟ್ಟಿ ನೋಡು, ಕಚ್ಚುವುದಿಲ್ಲ" ಎಂದಿದ್ದರು. ಅವರಿಂದ ತಾಳದ ಶಿಸ್ತು ಬಂತು. ಸ್ವರವನ್ನು ಜಾರಿಸುವ ಹುಚ್ಚು ಹತ್ತಿದ್ದು ಮಾತ್ರ ನಮ್ಮೂರ ಯಕ್ಷಗಾನದಿಂದ. ಭಾಗವತರು ಒಂದು ಸ್ವರದಿಂದ ಇನ್ನೊಂದಕ್ಕೆ ಎಳೆದುಕೊಂಡು ಹೋಗುವುದನ್ನು ಕೇಳಿ ಬಂದು, ಅದನ್ನೇ ತಂತಿಯಲ್ಲಿ ಹುಡುಕುತ್ತಿದ್ದೆ. ನನ್ನದು ಗಲ್ಫಿನಿಂದ ವಾಪಸು ಬಂದವರೊಬ್ಬರಿಂದ ಕೊಂಡ ಹಳೆಯ ಎಲೆಕ್ಟ್ರಿಕ್ ಗಿಟಾರ್, ಕುಂಕುಮ ಬಣ್ಣದ್ದು. ಅದಕ್ಕೆ ದಪ್ಪ ತಂತಿಯನ್ನೇ ಹಾಕುತ್ತಿದ್ದೆ. ಎಳೆಯುವುದು ಕಷ್ಟ, ಆದರೆ ಎಳೆದ ಸ್ವರ ತುಂಬಿಕೊಂಡು ಬರುತ್ತಿತ್ತು. ಕಾಲಡಿಗೆ ಎರಡೇ ಪೆಡಲ್: ಸ್ವರವನ್ನು ಸ್ವಲ್ಪ ಒರಟಾಗಿಸುವುದೊಂದು, ಪ್ರತಿಧ್ವನಿ ಕೊಡುವುದೊಂದು. ಹೆಚ್ಚಿನದೇನೂ ಬೇಕೆನಿಸಿರಲಿಲ್ಲ.

ಮೂಡುಬಿದಿರೆಯ ಡಾಕ್ಟರು ಮೊಣಕೈಯನ್ನು ಒತ್ತಿ ನೋಡಿದರು. ನರ ಅಲ್ಲಿ ಸಿಕ್ಕಿಕೊಂಡಿದೆ, ಕಿರುಬೆರಳೂ ಉಂಗುರದ ಬೆರಳೂ ಅದಕ್ಕೇ ಮರಗಟ್ಟುತ್ತಿವೆ ಎಂದರು.

"ಗಿಟಾರ್ ನಿಲ್ಲಿಸಿ."

"ಎಷ್ಟು ದಿನ ಡಾಕ್ಟ್ರೇ?"

"ಮೊದಲು ನಿಲ್ಲಿಸಿ. ಎಷ್ಟು ದಿನ ಅಂತ ಮತ್ತೆ ನೋಡುವ. ಆಪರೇಷನ್ ಬೇಕಾಗಲೂಬಹುದು."

ನಿಲ್ಲಿಸಲಿಲ್ಲ. ಮೂರು ವಾರದಲ್ಲಿ ಮೂಡುಬಿದಿರೆಯಲ್ಲೇ ದೊಡ್ಡ ಕಾರ್ಯಕ್ರಮವಿತ್ತು, ಕಾಲೇಜು ಮಕ್ಕಳು ಸಾವಿರಗಟ್ಟಲೆ ಸೇರುವಂಥದ್ದು. ನಮ್ಮ ತಂಡದ ಯಜಮಾನರು, ಕೀಬೋರ್ಡ್ ನುಡಿಸುವವರು, ಎರಡು ಹಾಡುಗಳಲ್ಲಿ ನನಗಾಗಿಯೇ ಒಂದೊಂದು ಉದ್ದನೆಯ ಗಿಟಾರ್ ಭಾಗ ಇಟ್ಟಿದ್ದರು. ನಾನು ಯಾರಿಗೂ ಹೇಳದೆ ದಪ್ಪ ತಂತಿ ಬಿಚ್ಚಿ ತೆಳುವಾದದ್ದು ಹಾಕಿದೆ. ಎರಡೂ ಭಾಗಗಳನ್ನು ಎರಡೇ ಬೆರಳಿಗೆ ಹೊಂದಿಸಲು ಕೂತೆ. ಬೆಳಗ್ಗೆ ಕಣ್ಣು ಬಿಡುವ ಮೊದಲೇ ಹೆಬ್ಬೆರಳಿಗೆ ಕಿರುಬೆರಳು ತಾಗಿಸಿ ನೋಡುತ್ತಿದ್ದೆ. ತಾಗಿದ್ದು ಗೊತ್ತಾದರೆ ಆ ದಿನ ಒಳ್ಳೆಯ ದಿನ. ಜಡೆ ಹಾಕುವಾಗ ಕೂದಲ ಎಳೆ ಬೆರಳಿನಿಂದ ಜಾರಿದರೂ ಇಡೀ ಜಡೆ ಬಿಚ್ಚಿ ಮತ್ತೆ ಮೊದಲಿನಿಂದ ಹಾಕುತ್ತಿದ್ದೆ. ತಂಡದವರ ಫೋನ್ ಬಂದರೆ ಎತ್ತುವ ಮೊದಲು ಗಂಟಲು ಸರಿ ಮಾಡಿಕೊಳ್ಳುತ್ತಿದ್ದೆ, ದನಿಯಲ್ಲೇ ಸಿಕ್ಕಿಬೀಳುತ್ತೇನೇನೋ ಎಂದು.

ರವಿಕೆಯ ನೆಪ ಮಾಡಿಕೊಂಡು ಬಂಟ್ವಾಳಕ್ಕೆ ಹೋದೆ. ನಿಜವಾಗಿ ಬೇಕಾಗಿದ್ದದ್ದು ಟೈಲರ್ ಸರ್ ಕೇಳಿ 'ಸರಿ ಉಂಟು' ಎನ್ನುವುದು. ಅವರ ಗಿಟಾರಿನಲ್ಲೇ ಎರಡೂ ಭಾಗ ನುಡಿಸಿದೆ. ಅವರು ಕತ್ತರಿ ಕೆಳಗಿಟ್ಟು ಕೇಳಿದರು.

"ಕಿರುಬೆರಳಿಗೆ ಎಂತ ಆಗಿದೆ?"

"ಎಂತ ಇಲ್ಲ ಸರ್."

"ಇಷ್ಟು ವರ್ಷ ಮೆಷಿನಿನ ಸದ್ದು ಕೇಳಿದ್ದೇನೆ ಮಗಾ. ಒಂದು ಹೊಲಿಗೆ ಬಿಟ್ಟರೂ ನನಗೆ ಗೊತ್ತಾಗ್ತದೆ."

ಅಲ್ಲೇ ಬಟ್ಟೆಯ ರಾಶಿಯ ನಡುವೆ ಅತ್ತುಬಿಟ್ಟೆ. ನಾನು ಮೂಗು ಒರೆಸಿಕೊಂಡ ಮೇಲೆ ಅವರು ಕೇಳಿದರು, "ತಂಡದವರಿಗೆ ಹೇಳಿದ್ದೀಯಾ?"

"ಹೇಳಿದರೆ ಬೇರೆಯವರನ್ನು ಕರೀತಾರೆ ಸರ್."

"ಕರೀಲಿ. ಸ್ಟೇಜಲ್ಲಿ ಕೈ ನಿಂತು ಅವರಿಗೆ ಗೊತ್ತಾಗುವುದಕ್ಕಿಂತ ಇವತ್ತು ನಿನ್ನ ಬಾಯಲ್ಲೇ ಗೊತ್ತಾಗಲಿ."

ಆದರೂ ಆ ದಿನ ಹೇಳಲಿಲ್ಲ. ಮರುದಿನವೂ ಇಲ್ಲ. ಮೂರನೇ ದಿನ ಬಚ್ಚಲಲ್ಲಿ ಚೊಂಬು ಕೈಯಿಂದ ಬಿತ್ತು. ಒದ್ದೆ ಕೈಯಲ್ಲೇ ಬಂದು ಯಜಮಾನರಿಗೆ ಫೋನ್ ಮಾಡಿದೆ.

ಅವರಿಗೆ ಸಿಟ್ಟು ಬಂತು. "ಎಂತ ಮಾರಾಯ್ತಿ, ಇನ್ನು ಐದು ದಿನ ಇರುವಾಗ ಹೇಳುವುದಾ? ಮೊದಲೇ ಹೇಳ್ಲಿಕ್ಕೆ ಏನಾಗಿತ್ತು?"

ಅವರ ಸಿಟ್ಟು ನ್ಯಾಯವಾದದ್ದೇ.

"ಕಾರ್ಡ್ ಹಿಡಿದು ಹಾಡಿಗೆ ಜೊತೆ ಕೊಡ್ಲಿಕ್ಕೆ ಆಗ್ತದಾ?"

"ಸುಲಭದ್ದು ಆಗ್ತದೆ."

"ಹಾಗಾದ್ರೆ ಬಾ. ಆ ಎರಡು ಭಾಗ ನಾನೇ ಕೀಬೋರ್ಡಲ್ಲಿ ಮಾಡ್ತೇನೆ."

ಕಾರ್ಯಕ್ರಮದ ಸಂಜೆ ಡ್ರಮ್ಸಿನ ಪಕ್ಕ, ಬೆಳಕು ಕಮ್ಮಿ ಇರುವಲ್ಲಿ ನಿಂತೆ. ನನ್ನ ಭಾಗ ಹತ್ತಿರ ಬಂದಂತೆ ಕೈ ತಾನಾಗಿಯೇ ಗಿಟಾರಿನ ಕತ್ತಿನ ಮೇಲಿನ ಸ್ವರದ ಮನೆಗಳತ್ತ ಜಾರಿತು, ಹಿಡಿದು ನಿಲ್ಲಿಸಿಕೊಂಡೆ. ಯಜಮಾನರು ನುಡಿಸಿದರು. ಜಾರುವಿಕೆ ಇಲ್ಲ, ಎಳೆತ ಇಲ್ಲ, ಮೆಟ್ಟಿಲು ಹತ್ತಿದಂತೆ ನೇರವಾದ ಸ್ವರಗಳು. ಮಕ್ಕಳು ಯಾವತ್ತಿನಷ್ಟೇ ಜೋರಾಗಿ ಚಪ್ಪಾಳೆ ತಟ್ಟಿದರು. ಮೂರು ವಾರ ನಾನು ಹೆದರಿದ್ದು ಕೈ ತಪ್ಪುವುದಕ್ಕೆ. ನಾನಿಲ್ಲದೆಯೂ ಹಾಡು ನಡೆದುಹೋಗುತ್ತದೆ ಎಂಬುದಕ್ಕೆ ಹೆದರಲು ನನಗೆ ಹೊಳೆದೇ ಇರಲಿಲ್ಲ.

ಮಂಗಳೂರಿನಲ್ಲಿ ಆಪರೇಷನ್ ಆಯಿತು. ತಿಂಗಳುಗಟ್ಟಲೆ ಸ್ಪಂಜಿನ ಚೆಂಡು ಹಿಸುಕುತ್ತಾ ಕೂತೆ. ಉಂಗುರದ ಬೆರಳು ಪೂರ್ತಿ ಬಂತು. ಕಿರುಬೆರಳು ಮುಕ್ಕಾಲು ಬಂತು. ಚಳಿಯ ಬೆಳಗಿನಲ್ಲಿ ಈಗಲೂ ಒಂದು ಗಳಿಗೆ ತಡವಾಗಿ ಏಳುತ್ತದೆ. ಈಗ ತೆಳು ತಂತಿಯೇ. ಮೊದಲು ನಾಲ್ಕು ಸ್ವರ ಹಾಕುತ್ತಿದ್ದಲ್ಲಿ ಒಂದನ್ನೇ ಉದ್ದಕ್ಕೆ ಎಳೆಯುತ್ತೇನೆ. ಪ್ರತಿ ಕಾರ್ಯಕ್ರಮಕ್ಕೂ ಮೊದಲು ಯಜಮಾನರಿಗೆ ಕೈ ಹೇಗಿದೆ ಎಂದು ನಾನಾಗಿಯೇ ಹೇಳುತ್ತೇನೆ.

ಆ ಎರಡು ಹಾಡುಗಳಲ್ಲಿ ಒಂದರ ಗಿಟಾರ್ ಭಾಗವನ್ನು ಅವರು ನನಗೆ ವಾಪಸು ಕೊಟ್ಟಿದ್ದಾರೆ. ಇನ್ನೊಂದು ಕೀಬೋರ್ಡಿನಲ್ಲೇ ಉಳಿದಿದೆ. ಅವರು ಅದರ ಮಾತೆತ್ತಿಲ್ಲ. ಕೇಳುವ ಧೈರ್ಯ ನನಗೂ ಬಂದಿಲ್ಲ.