ಇಂಟರ್‌ಲಾಕಿನ ಕೆಳಗಿನ ಮುಚ್ಚಳ

ಗಲ್ಫಿನಿಂದ ಬಂದು ಊರಲ್ಲಿ ನೆಲೆಸಿದವನ ಅಂಗಳದಲ್ಲಿ ಮಣ್ಣು ಕಾಣಬಾರದು. ಇದು ಯಾವ ಕಾನೂನಿನಲ್ಲಿದೆಯೋ ಗೊತ್ತಿಲ್ಲ. ನಾನು ಓದಿದ್ದು ಏಳನೇ ತರಗತಿಯವರೆಗೆ. ಮಣ್ಣಗುಡ್ಡದ ನಮ್ಮ ಓಣಿಯಲ್ಲಿ ಎಲ್ಲರೂ ಪಾಲಿಸುತ್ತಾರೆಂದು ನಾನೂ ಪಾಲಿಸಿದೆ. ಅಂಗಳಕ್ಕೆಲ್ಲ ಕೆಂಪು, ಬೂದು ಬಣ್ಣದ ಸಿಮೆಂಟ್ ಇಟ್ಟಿಗೆಯ ಇಂಟರ್‌ಲಾಕ್ ಹಾಕಿಸಿದೆ.

ಕೆಲಸದವರು ಅಂಗಳದ ನಡುವೆ ಮಣ್ಣು ಕೆರೆದಾಗ ಸಿಕ್ಕ, ಬಿರುಕು ಬಿಟ್ಟ ಕಾಂಕ್ರೀಟ್ ಮುಚ್ಚಳವೊಂದನ್ನು ತೋರಿಸಿ, “ಇದನ್ನು ಎಂತ ಮಾಡುದು?” ಎಂದು ಕೇಳಿದರು. ಅದು ಚರಂಡಿಯ ಚೇಂಬರ್. ನನ್ನ ಮನೆಯ ಹಿಂದೆಯೇ ಅಕ್ಕನ ಚಿಕ್ಕ ಮನೆ. ಗಂಡ ತೀರಿಹೋದ ಮೇಲೆ ಅವಳು ಅಲ್ಲಿ ಒಬ್ಬಳೇ ಇದ್ದಾಳೆ. ಅವಳ ಬಟ್ಟೆ ಒಗೆಯುವ ಕಲ್ಲಿನ ನೀರು ಪೈಪಿನಲ್ಲಿ ಬಂದು, ಈ ಚೇಂಬರ್ ದಾಟಿ ರಸ್ತೆಯ ಚರಂಡಿಗೆ ಸೇರಬೇಕು. ನನ್ನ ಮನೆಯ ನೀರಿಗೆ ಬೇರೆ ಪೈಪ್ ಇದೆ. ಹಾಗಾಗಿ ನನ್ನ ದೂರದೃಷ್ಟಿ ಅಲ್ಲಿಗೇ ನಿಂತಿತು.

“ಅದರ ಮೇಲೆಯೇ ಹಾಕಿಬಿಡಿ. ಚಂದ ಕಾಣ್ಲಿ,” ಎಂದೆ.

ಮಳೆಗಾಲ ಶುರುವಾದದ್ದೇ ತಡ, ಅಕ್ಕನ ಕಲ್ಲಿನ ಬುಡದಲ್ಲಿ ನೀರು ಕಟ್ಟಿತು. ಸೋಪಿನ ನೊರೆ, ಗಂಜಿತಿಳಿ, ಅದರ ಮೇಲೆ ಸೊಳ್ಳೆ. ಅಕ್ಕ ಉದ್ದದ ಬಿದಿರಿನ ಸೀಳನ್ನು ಪೈಪಿಗೆ ತೂರಿಸಿ ತಿವಿದಳು. ಅದು ಒಂದಷ್ಟು ದೂರ ಹೋಗಿ ನಿಂತುಬಿಟ್ಟಿತು.

“ಎಲ್ಲಿ ಕಟ್ಟಿದ್ದು ಅಂತ ನಿನಗೆ ಗೊತ್ತುಂಟಾ ತಮ್ಮ?”

ಗೊತ್ತಿತ್ತು. ನನ್ನ ಕಾರಿನ ಕೆಳಗೆ. ಆದರೆ ಹೇಳಿದರೆ ಇಂಟರ್‌ಲಾಕ್ ಕೀಳಬೇಕು. ಆದ್ದರಿಂದ, “ಮೀನಿನ ವೇಸ್ಟ್ ಎಲ್ಲ ಅದಕ್ಕೇ ಬಿಟ್ರೆ ಕಟ್ಟದೆ ಎಂತ ಮಾಡ್ತದೆ ಅಕ್ಕ?” ಎಂದೆ.

ಅಕ್ಕ ಮೀನು ಕ್ಲೀನ್ ಮಾಡುವುದು ಆ ಕಲ್ಲಿನ ಹತ್ತಿರವೇ, ನಿಜ. ಆದರೆ ತಲೆ, ಕರುಳು ಎಲ್ಲವನ್ನೂ ಅಡಿಕೆ ಹಾಳೆಯ ಮೇಲೆ ಒಟ್ಟು ಮಾಡಿ ತೆಂಗಿನ ಬುಡದಲ್ಲಿ ಹೂಳುತ್ತಾಳೆ. ಅಮ್ಮ ಕಲಿಸಿದ ಕ್ರಮ. ಚಿಕ್ಕಂದಿನಿಂದ ಅದನ್ನು ನೋಡಿದ್ದೇನೆ, ಆ ಮರದ ಬೊಂಡವನ್ನೂ ಕುಡಿದಿದ್ದೇನೆ. ಕುಡಿದು ತಂಪಾದ ಬಾಯಿಯಿಂದಲೇ ಆ ಮಾತು ಬಂತು.

ಅವಳು ಜಗಳಕ್ಕೆ ಬಂದಿದ್ದರೆ ನಾನು ಬಚಾವಾಗುತ್ತಿದ್ದೆ. “ಹೌದಾ? ನೀರಿನೊಟ್ಟಿಗೆ ಸ್ವಲ್ಪ ಸ್ವಲ್ಪ ಹೋಗಿರ್ಬೇಕು,” ಎಂದಳು. ಅಂದಿನಿಂದ ಮೀನು ಕೊಳ್ಳುವುದನ್ನೇ ಬಿಟ್ಟಳು. ಮೀನಿನ ಸ್ಕೂಟರಿನವ ಗೇಟಿನಲ್ಲಿ ಹಾರ್ನ್ ಹೊಡೆದರೆ, ಬೂತಾಯಿಯ ಕಣ್ಣು ನೋಡಿಯೇ ಅದು ತಾಜಾ ಹೌದೋ ಅಲ್ಲವೋ ಎಂದು ಹೇಳುತ್ತಿದ್ದ ಹೆಂಗಸು ಒಳಗಿನಿಂದಲೇ “ಬೇಡ” ಎನ್ನುತ್ತಿದ್ದಳು. ಮೀನಿಲ್ಲದೆ ಅನ್ನ ಇಳಿಯದವಳು ದಿನಾ ಸೌತೆಕಾಯಿ ಹುಳಿ ಉಂಡಳು. ನಾವಾದರೋ ಮಾರ್ಕೆಟಿನಲ್ಲೇ ಕ್ಲೀನ್ ಮಾಡಿಸಿ ತರುವ ಸುಸಂಸ್ಕೃತರು. ನನ್ನ ಹೆಂಡತಿ ಹುರಿದ ಬಂಗುಡೆಯ ಪರಿಮಳ ನೇರ ಅಕ್ಕನ ಕಿಟಕಿಗೆ ಹೋಗುತ್ತಿತ್ತು. ಪರಿಮಳಕ್ಕೆ ಚರಂಡಿ ಬೇಕಿಲ್ಲವಲ್ಲ.

ಕಟ್ಟಿದ ನೀರನ್ನು ಅವಳು ಬಕೆಟಿನಲ್ಲಿ ತುಂಬಿ ರಸ್ತೆಯ ಚರಂಡಿಗೆ ಹೊತ್ತು ಹಾಕುತ್ತಿದ್ದಳು. ದಾರಿ ನನ್ನ ಅಂಗಳದಲ್ಲೇ. ಒಂದು ಭಾನುವಾರ ಬೆಳಿಗ್ಗೆ ನಾನು ಜಗಲಿಯಲ್ಲಿ ಚಾ ಕುಡಿಯುತ್ತಿದ್ದಾಗ, ಅವಳ ಬಕೆಟಿನಿಂದ ನೀರು ತುಳುಕಿತು.

“ಅಯ್ಯೋ, ನಿನ್ನ ಚಂದದ ಅಂಗಳ ಹಾಳಾಯ್ತು,” ಎಂದು ಬಕೆಟ್ ಕೆಳಗಿಟ್ಟು, ಸೀರೆ ಎತ್ತಿ ಹಿಡಿದು, ಕಾಲಿನಿಂದಲೇ ಆ ನೀರನ್ನು ಒರೆಸತೊಡಗಿದಳು. ಅವಳು ಒರೆಸುತ್ತಿದ್ದುದು ಕಾರಿನ ಪಕ್ಕ, ಸರಿಯಾಗಿ ಆ ಮುಚ್ಚಳದ ಅಂಚಿನ ಮೇಲೆ.

ಚಾ ಲೋಟವನ್ನು ಅಲ್ಲೇ ಬಿಟ್ಟು ಎದ್ದೆ. ಕಾರನ್ನು ಹೊರಗಿಟ್ಟು ಹಾರೆ ತಂದೆ. ಇಂಟರ್‌ಲಾಕ್ ಕಿತ್ತು, ಮುಚ್ಚಳ ಎಬ್ಬಿಸಿದೆ. ಒಳಗೆ ಇದ್ದದ್ದು ಇಂಟರ್‌ಲಾಕಿನ ಅಡಿಗೆ ಹಾಸಿದ ಜಲ್ಲಿಹುಡಿ. ಮುಚ್ಚಳದ ಬಿರುಕಿನಲ್ಲಿ ಇಳಿದು ಕಲ್ಲಿನಂತೆ ಗಟ್ಟಿಯಾಗಿತ್ತು.

ಅಕ್ಕ ಬಗ್ಗಿ ನೋಡಿದಳು. “ಇದರಲ್ಲಿ ಮೀನಿನ ಒಂದು ಮುಳ್ಳೂ ಇಲ್ಲವಲ್ಲ?”

ಕೊಳೆತು ಹೋಗಿರಬೇಕು ಎಂಬ ಉತ್ತರ ನಾಲಗೆಯ ತುದಿಗೆ ಬಂದಿತ್ತು; ನನ್ನ ಪ್ರತಿಭೆ ಅಂಥದ್ದು. ಹೇಗೋ ನುಂಗಿಕೊಂಡೆ.

“ಮುಚ್ಚಳ ಇಲ್ಲಿ ಉಂಟಂತ ನನಗೆ ಮೊದಲೇ ಗೊತ್ತಿತ್ತು ಅಕ್ಕ. ಇಂಟರ್‌ಲಾಕ್ ಕೀಳ್ಬೇಕಲ್ಲ ಅಂತ ತಪ್ಪು ನಿನ್ನ ಮೇಲೆ ಹಾಕಿದೆ.”

ಆಮೇಲೆ ಅವಳು ತುಳುವಿನಲ್ಲಿ ಬೈದದ್ದನ್ನು ಕನ್ನಡದಲ್ಲಿ ಬರೆದರೆ ಖಾರ ಕಡಿಮೆಯಾಗುತ್ತದೆ, ಬಿಡುತ್ತೇನೆ. “ಇಡೀ ಮಳೆಗಾಲ ನನಗೆ ಸೌತೆಕಾಯಿ ತಿನ್ನಿಸಿದೆಯಲ್ಲ ಮಾರಾಯ!” ಎಂಬುದು ಅದರ ಕೊನೆಯ, ತೀರಾ ಮೃದುವಾದ ಭಾಗ.

ಜಲ್ಲಿಹುಡಿ ಕೆತ್ತಿ ತೆಗೆದಾಗ ನೀರು ಗಳಗಳ ಹರಿದು ಹೋಯಿತು. ಅಷ್ಟರಲ್ಲಿ ಗೇಟಿನಲ್ಲಿ ಹಾರ್ನ್. ಅಕ್ಕ ತಾನೇ ಹೋಗಿ ಬೂತಾಯಿ ಆರಿಸಿ ತಂದು, ಕಲ್ಲಿನ ಹತ್ತಿರ ಇಟ್ಟು, ನನ್ನ ಕೈಗೆ ಚೂರಿ ಕೊಟ್ಟಳು.

“ಕೂರು. ಹಾಳೆ ಅಲ್ಲುಂಟು. ತೆಂಗಿನ ಬುಡ ಎಲ್ಲಿ ಅಂತ ಹೇಳ್ಬೇಕಾ?”

ಕೂತೆ. ಹೊಟ್ಟೆ ಸೀಳುವ ಬದಲು ಮೀನನ್ನೇ ಎರಡು ಮಾಡಿದಾಗ, “ಗಲ್ಫಲ್ಲಿ ಎಂತ ಕಲಿತದ್ದು ನೀನು?” ಎಂದಳು. ನಗಲಿಲ್ಲ.

ಮಧ್ಯಾಹ್ನ ಅವಳ ಮೀನು ಸಾರಿನ ಪರಿಮಳ ನಮ್ಮ ಕಿಟಕಿಗೆ ಬಂತು. ಮೊದಲೆಲ್ಲ ಅದರ ಹಿಂದೆಯೇ ಮುಚ್ಚಿದ ಒಂದು ಪಾತ್ರೆಯೂ ಬರುತ್ತಿತ್ತು. ಹೆಂಡತಿ ಬಟ್ಟಲಿಗೆ ಅನ್ನ ಬಡಿಸಿ ಹಿಂಬಾಗಿಲ ಕಡೆಗೆ ಎರಡೆರಡು ಸಲ ನೋಡಿದಳು. ನಾನು ಸೌತೆಕಾಯಿ ಹುಳಿಯನ್ನು ಹತ್ತಿರ ಎಳೆದುಕೊಂಡೆ.