ನೂರರಿಂದ ಎಂಬತ್ತಮೂರಕ್ಕೆ

ರಾಜಧಾನಿ ಅಸುನ್ಸಿಯೋನ್‌ನಲ್ಲಿ ಇನ್ನೂ ಬೀದಿದೀಪ ಆರಿಲ್ಲ. ದನಗಳ ಕಂಪನಿಯೊಂದರ ಕಚೇರಿಯ ಹಿಂದೆ, ಕಾವಲುಗಾರನ ಶೆಡ್ಡಿನಲ್ಲಿ ಒಬ್ದುಲಿಯಾ ಕಾಂತೇರೊ ಹಳೆಯ ರೇಡಿಯೊ ಸೆಟ್ಟಿನ ತಿರುಪು ತಿರುಗಿಸುತ್ತಾರೆ. ಕಾಲ ಬಳಿ ಬಿಸಿನೀರಿನ ಫ್ಲಾಸ್ಕು, ಎಡಗೈಯಲ್ಲಿ ಯೆರ್ಬಾ ಎಲೆಯ ಕಷಾಯದ ಸೋರೆಬುರುಡೆ, ತೊಡೆಯ ಮೇಲೆ ಗೆರೆ ಎಳೆದ ನೋಟ್‌ಬುಕ್ಕು.

"ತ್ರೆಸ್ ಪಾಲ್ಮಾಸ್, ತ್ರೆಸ್ ಪಾಲ್ಮಾಸ್, ಇಲ್ಲಿ ಕೇಂದ್ರ. ಎದ್ದಿದೀಯೇನಪ್ಪ? ಕಾಂಬಿಯೊ."

ಕಾಂಬಿಯೊ ಎಂದರೆ ನನ್ನ ಮಾತು ಮುಗಿಯಿತು, ಇನ್ನು ನಿನ್ನದು. ಗರಗರ ಸದ್ದು. ಆಮೇಲೆ ನಾನೂರು ಕಿಲೋಮೀಟರ್ ಆಚೆಯ ಚಾಕೊ ಬಯಲಿನ ದನದ ಹಟ್ಟಿಯಿಂದ ಎರ್ಮಿನಿಯೊ ದುಆರ್ತೆಯ ದನಿ ಬರುತ್ತದೆ.

"ಎದ್ದು, ದನ ನೋಡ್ಕೊಂಡು ಬಂದೂ ಆಯ್ತು ನ್ಯಾ ಒಬ್ದುಲಿಯಾ. ನಿಮ್ಮ ಪಟ್ಟಣದ ಕೋಳಿ ಈಗ ಕೂಗ್ತಾ? ಇಲ್ಲಿ ಮೂರು ಮಿಲಿಮೀಟರ್ ಮಳೆ. ಕಾಂಬಿಯೊ."

ಕರೆಯದೆಯೇ ಲಗೂನಾ ಪೊರಾ ಹಟ್ಟಿಯವನು ನಡುವೆ ನುಗ್ಗುತ್ತಾನೆ. "ಮೂರಾ? ಅದು ಮಳೆ ಅಲ್ಲ ಮಾರಾಯ, ನಿನ್ನ ನಾಯಿ ಅಳತೆ ಕೊಳವೆ ಮೇಲೆ ಕಾಲೆತ್ತಿರುತ್ತೆ."

"ನಮ್ಮಲ್ಲಿ ನಾಯಿಯಾದ್ರೂ ಬರುತ್ತೆ. ನಿನ್ನ ಕಡೆ ಮೋಡಾನೂ ಮುಖ ಹಾಕಲ್ಲ."

"ಸಾಕು, ಇಬ್ರೂ ಬದುಕಿದೀರಿ ಅಂತ ಗೊತ್ತಾಯ್ತು," ಅನ್ನುತ್ತಾರೆ ಒಬ್ದುಲಿಯಾ. "ಎರ್ಮಿನಿಯೊ, ಕಣ್ಣು ಹೇಗಿದೆ?"

"ಇನ್ನೂ ಕೆಂಪಗಿದೆ. ಮತ್ತೆ ಹೊಸದೇನಿಲ್ಲ."

ಒಬ್ದುಲಿಯಾ ನೋಟ್‌ಬುಕ್ಕಿನಲ್ಲಿ 'ಕಣ್ಣು ಕೆಂಪು' ಎಂದು ಬರೆದು ಮುಂದಿನ ಹಟ್ಟಿಯನ್ನು ಕರೆಯುತ್ತಾರೆ.

ಹಟ್ಟಿಗಳವರಿಗೆಲ್ಲ ಅವರು ನ್ಯಾ, ಅಂದರೆ ಅಮ್ಮ. ಆದರೆ ಈ ಕೆಲಸಕ್ಕೆ ಅವರನ್ನು ಯಾರೂ ನೇಮಿಸಿಲ್ಲ. ಕಚೇರಿಯ ಹೊತ್ತು ಶುರುವಾಗುವುದು ಏಳಕ್ಕೆ. ಅವರು ಕಾಪಿಯಾತಾದ ಮನೆಯಿಂದ ಮೊದಲ ಬಸ್ಸು ಹತ್ತಿ ಐದಕ್ಕೇ ಬಂದು ಕೂರುತ್ತಾರೆ. ಕರೆಯಬೇಕಾದ ಹಟ್ಟಿ ಹದಿನೆಂಟು. ಐದು ಕಡೆ ರೇಡಿಯೊ ಕಿತ್ತಾಗಿದೆ. ಅಲ್ಲಿಯವರ ಸಮಾಚಾರವನ್ನು ಪಕ್ಕದ ಹಟ್ಟಿಯವರು ಹೇಳಬೇಕು. ಎಲ್ಲ ಮುಗಿಯಲು ನಲವತ್ತು ನಿಮಿಷ. ಆರು ಗಂಟೆಗೆ ಸರಿಯಾಗಿ ಮೇಲಿನ ಮಹಡಿಯ ಕಂಪ್ಯೂಟರಿನಲ್ಲಿ ಅದೇ ಹಟ್ಟಿಗಳ ವರದಿ ತಾನಾಗಿಯೇ ತಯಾರಾಗುತ್ತದೆ. ಅದಕ್ಕೆ ಒಬ್ದುಲಿಯಾರ ನೋಟ್‌ಬುಕ್ಕು ಬೇಕಿಲ್ಲ.

ಹಿಂದೆ ಆ ವರದಿಯೇ ಒಬ್ದುಲಿಯಾ ಆಗಿತ್ತು. ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಟೈಪಿಸ್ಟಾಗಿ ಸೇರಿದವರು ಒಂದೇ ವಾರದಲ್ಲಿ ರೇಡಿಯೊ ಮುಂದೆ ಕೂತರು. ಈಗ ವಯಸ್ಸು ಐವತ್ತನಾಲ್ಕು. ಆಗ ಹಟ್ಟಿ ಹತ್ತೊಂಬತ್ತು. ಒಂದೊಂದರಲ್ಲೂ ದನ ಕಾಯುವ ಒಬ್ಬ ಆಳು, ಹೆಚ್ಚಿನವರು ಒಂಟಿ. ಮಳೆ, ತೊಟ್ಟಿಯ ನೀರು, ಪಂಪು ಓಡಿದ ಗಂಟೆ, ನೀರಿಗೆ ಬಂದ ದನ, ಬಿಸಿಲು, ಕೊನೆಗೆ ಷರಾ. ಹತ್ತೊಂಬತ್ತು ಹಟ್ಟಿಗೆ ಆರಾರು ಖಾನೆಯಂತೆ ನೂರ ಹದಿನಾಲ್ಕು ಖಾನೆ, ಎಲ್ಲವನ್ನೂ ಬಾಯಿಂದ ಕೇಳಿ ಕೈಯಿಂದ ತುಂಬಬೇಕು. ಕೂಡಿ ಟೈಪು ಮಾಡಿ ಯಜಮಾನರ ಮೇಜಿಗೆ ಮುಟ್ಟಿಸುವ ಹೊತ್ತಿಗೆ ಒಂಬತ್ತೂವರೆ. ವಾರಕ್ಕೊಂದಾದರೂ ತಪ್ಪು ಅಂಕಿ. ಮಗಳು ಹುಟ್ಟಿದ ದಿನವೂ ಹನ್ನೆರಡು ಹಟ್ಟಿ ಮುಗಿಸಿಯೇ ಆಸ್ಪತ್ರೆಗೆ ಹೊರಟಿದ್ದರು. "ಉಳಿದ ಏಳು ಜನ ಸಂಜೆವರೆಗೂ ರೇಡಿಯೊದಲ್ಲಿ, ಗಂಡೋ ಹೆಣ್ಣೋ ಅಂತ ಕೂಗ್ತಾನೇ ಇದ್ರಂತೆ," ಎಂದು ನಗುತ್ತಾರೆ.

ಹೋದ ವರ್ಷ ಮಾರ್ಚಿನಲ್ಲಿ ವರದಿ ವಿಭಾಗಕ್ಕೆ ಹೊಸ ಮುಖ್ಯಸ್ಥೆ ಬಂದರು. ಹೆಸರು ರೊಮಿನಾ ಎಸ್ಕುರ್ರಾ, ವಯಸ್ಸು ಮೂವತ್ತೊಂದು. ಪದವೀಧರೆಯಾದ್ದರಿಂದ ಕಚೇರಿಯಲ್ಲಿ ಎಲ್ಲರಿಗೂ ಅವರು ಲಿಸೆನ್ಸಿಯಾದಾ. ವಿಭಾಗದ ನಾಲ್ವರನ್ನೂ ಕೂರಿಸಿಕೊಂಡು, ವರದಿಯನ್ನು ಯಂತ್ರಕ್ಕೆ ಒಪ್ಪಿಸಲು ತಲಾ ಒಂದು ಗುರಿ ಬರೆಯಿರಿ ಎಂದರು. "ಅಂಕಿ ಇರಬೇಕು, ತಾರೀಖು ಇರಬೇಕು. ಎರಡೂ ಇಲ್ದೇ ಇದ್ರೆ ಅದು ಗುರಿ ಅಲ್ಲ, ಬರೀ ಆಸೆ."

ಉಳಿದ ಮೂವರು 'ವರದಿ ಬೇಗ ಮುಗಿಸುವುದು' ಎಂಬಂಥದ್ದೇನೋ ಬರೆದರು. ಒಬ್ದುಲಿಯಾರ ಹಾಳೆಯಲ್ಲಿ ಹೀಗಿತ್ತು: ಯಂತ್ರವೇ ತುಂಬುವ ಖಾನೆ ಈಗ ನೂರಕ್ಕೆ ಸೊನ್ನೆ, ಸೆಪ್ಟೆಂಬರ್ ಮೂವತ್ತಕ್ಕೆ ನೂರಕ್ಕೆ ನೂರು. ರೊಮಿನಾ ಅದನ್ನು ಗಟ್ಟಿಯಾಗಿ ಓದಿದರು. ಅದೇ ಇಡೀ ವಿಭಾಗದ ಗುರಿಯಾಯಿತು; ಎಷ್ಟಕ್ಕೆ ಬಂತು ಎಂಬ ಅಂಕಿ ಗೋಡೆಯ ಮೇಲೆ ಬಿತ್ತು.

"ವಯಸ್ಸಾದವಳು ಕಂಪ್ಯೂಟರಿಗೆ ಅಡ್ಡ ಬಂದ್ಲು ಅನ್ನಿಸ್ಕೊಳ್ಳೋಕೆ ಇಷ್ಟ ಇರ್ಲಿಲ್ಲ," ಅನ್ನುತ್ತಾರೆ ಒಬ್ದುಲಿಯಾ. "ಜಾಣೆ ಅನ್ನಿಸ್ಕೋಬೇಕು ಅಂತಿತ್ತು. ಅಷ್ಟೇ. ಬೇರೆ ಯಾರೂ ನನ್ನ ಕೈ ಹಿಡಿದು ಬರೆಸಲಿಲ್ಲ."

ತೊಟ್ಟಿಗಳಿಗೆ ಅಳತೆ ಯಂತ್ರ ಬಂತು. ದನಗಳ ಕಿವಿಗೆ ಬಿಲ್ಲೆ ಬಂತು. ನೀರಿನ ದಾರಿಯಲ್ಲಿ ನೆಟ್ಟ ಕಂಬ ಆ ಬಿಲ್ಲೆಗಳನ್ನು ಓದಿ ದನಗಳನ್ನು ತಾನೇ ಎಣಿಸಿಕೊಂಡಿತು. ಆಗಸ್ಟ್ ಮುಗಿಯುವ ಹೊತ್ತಿಗೆ ಆರರಲ್ಲಿ ಐದು ಖಾನೆ ತಾವಾಗಿಯೇ ತುಂಬುತ್ತಿದ್ದವು. ಗೋಡೆಯ ಮೇಲಿನ ಅಂಕಿ ಎಂಬತ್ತಮೂರಕ್ಕೆ ಬಂದು ನಿಂತಿತು. ಉಳಿದದ್ದು ಷರಾ. ಅದನ್ನು ಯಾವ ಕಂಬವೂ ಹೇಳುವುದಿಲ್ಲ.

ರೊಮಿನಾ ಹಿಂದಿನ ವರ್ಷದ ವಹಿಗಳನ್ನು ತರಿಸಿ ಎಣಿಸಿ ನೋಡಿದರು. ಒಟ್ಟು ಆರು ಸಾವಿರದ ಒಂಬೈನೂರ ಮೂವತ್ತೈದು ಷರಾಗಳಲ್ಲಿ ಆರು ಸಾವಿರದ ಏಳುನೂರ ಎರಡು ಕಡೆ ಇದ್ದದ್ದು ಒಂದೇ ಮಾತು, 'ಹೊಸದೇನಿಲ್ಲ.' ಅಷ್ಟೂ ಒಬ್ದುಲಿಯಾರ ಕೈಬರಹ.

"ಹಾಗಿದ್ರೆ ದಿನಾ ಯಂತ್ರಾನೇ ಅದನ್ನ ಹಾಕ್ಲಿ ಬಿಡಿ ಲಿಸೆನ್ಸಿಯಾದಾ," ಎಂದರು ಒಬ್ದುಲಿಯಾ. "ಏನಾದ್ರೂ ಆದ್ರೆ ಅವರೇ ಫೋನ್ ಮಾಡ್ತಾರೆ."

ಸೆಪ್ಟೆಂಬರ್ ಹತ್ತೊಂಬತ್ತಕ್ಕೆ, ಹೇಳಿದ ತಾರೀಖಿಗಿಂತ ಹನ್ನೊಂದು ದಿನ ಮೊದಲೇ, ಗೋಡೆಯ ಅಂಕಿ ನೂರಾಯಿತು. ಬುಟ್ಟಿ ತುಂಬ ಚಿಪಾ ರೊಟ್ಟಿ ತರಿಸಿದರು, ಚಪ್ಪಾಳೆ ತಟ್ಟಿದರು. ಒಬ್ದುಲಿಯಾ ನಡುವೆ ನಿಂತಿರುವ ಫೋಟೊ ಇವತ್ತಿಗೂ ಗೋಡೆಯ ಮೇಲಿದೆ. ರೇಡಿಯೊ ಸೆಟ್ಟು ಹಿಂದಿನ ಶೆಡ್ಡಿಗೆ ಹೋಯಿತು.

ಹತ್ತೊಂಬತ್ತನೆಯ ಹಟ್ಟಿಯ ಹೆಸರು ಪೋಸೊ ಅಮಾರ್ಗೊ. ಅಲ್ಲಿದ್ದವರು ಸಿನ್‌ಫೊರಿಯಾನೊ ರಿವೇರೊಸ್, ಅರವತ್ತೊಂದು ವರ್ಷ, ಒಂಟಿ. ನವೆಂಬರಿನ ಒಂದು ಮಂಗಳವಾರ ಉತ್ತರದ ಬಿಸಿಗಾಳಿ ಬೀಸುತ್ತಿತ್ತು. ಅವರು ತೊಟ್ಟಿಯ ಬಳಿ ಬಿದ್ದರು. ಬುಧವಾರದ ವರದಿಯಲ್ಲಿ ಪೋಸೊ ಅಮಾರ್ಗೊದ ಸಾಲು ಹೀಗಿತ್ತು: ಮಳೆ 0. ತೊಟ್ಟಿಯ ನೀರು ನೂರಕ್ಕೆ 81. ಪಂಪು 6 ಗಂಟೆ. ದನ 412. ಬಿಸಿಲು 41. ಷರಾ: ಹೊಸದೇನಿಲ್ಲ. ಗುರುವಾರವೂ ಹಾಗೆಯೇ. ಶುಕ್ರವಾರ ದನ 409. ಶನಿವಾರ ಮತ್ತೆ 412. ನಾಲ್ಕೂ ದಿನ ವರದಿಯನ್ನು ಅಚ್ಚು ತೆಗೆದು ಯಜಮಾನರ ಮೇಜಿನ ಮೇಲಿಟ್ಟವರು ಒಬ್ದುಲಿಯಾ.

ಶನಿವಾರ ಮಧ್ಯಾಹ್ನ ಉಪ್ಪು, ಹಿಟ್ಟು ತಲುಪಿಸುವ ಲಾರಿಯವನು ಹೆಣ ನೋಡಿದ. ಹೃದಯ ನಿಂತದ್ದು ಎಂದರು ಡಾಕ್ಟರು. ಬಿದ್ದ ತಕ್ಷಣ ಸತ್ತಿಲ್ಲ ಎಂದೂ ಹೇಳಿದರು. ತೊಟ್ಟಿಯಿಂದ ಮರದ ನೆರಳಿಗೆ ನಲವತ್ತು ಹೆಜ್ಜೆ ದೂರ. ಅಷ್ಟನ್ನೂ ತೆವಳಿದ ಗುರುತು ಮಣ್ಣಿನಲ್ಲಿತ್ತು.

ಎರ್ಮಿನಿಯೊನ ತ್ರೆಸ್ ಪಾಲ್ಮಾಸ್ ಅಲ್ಲಿಗೆ ಹದಿನಾಲ್ಕು ಕಿಲೋಮೀಟರ್, ಮೋಟಾರ್ ಸೈಕಲ್ಲಿನಲ್ಲಿ ಅರ್ಧ ಗಂಟೆ. ಹಿಂದೆ ಯಾವ ಹಟ್ಟಿಯಾದರೂ ಮೂರು ಸಲ ಕರೆದಾಗ ಉತ್ತರ ಕೊಡದಿದ್ದರೆ ಪಕ್ಕದ ಹಟ್ಟಿಯವನು ಹೊರಡಬೇಕಿತ್ತು. "ನಾನೂ ರೇಡಿಯೊ ಆರಿಸಿಟ್ಟಿದ್ದೆ ನ್ಯಾ ಒಬ್ದುಲಿಯಾ," ಎಂದ ಎರ್ಮಿನಿಯೊ, ಮಣ್ಣು ಮಾಡಿದ ದಿನ. "ಕರೆಯೋರೇ ಇಲ್ಲ ಅಂದ್ಮೇಲೆ ಬ್ಯಾಟರಿ ಯಾಕೆ ಸುಡೋದು ಅಂತ."

ಸೋಮವಾರ ಕಚೇರಿಗೆ ಬಂದ ಒಬ್ದುಲಿಯಾ ಹಳೆಯ ವಹಿ ತೆಗೆದು ಪೋಸೊ ಅಮಾರ್ಗೊದ ಸಾಲುಗಳನ್ನು ಹುಡುಕಿದರು. ಪುಟ ತಿರುವಿದಲ್ಲೆಲ್ಲ 'ಹೊಸದೇನಿಲ್ಲ.' ಆದರೆ ಆ ಮನುಷ್ಯ ಹೇಳುತ್ತಿದ್ದದ್ದು ಅಷ್ಟೇ ಅಲ್ಲ. ಅದು ಒಬ್ದುಲಿಯಾರ ಕಿವಿಯಲ್ಲಿ ಉಳಿದಿದೆ.

"ಕೋಳಿ ಎರಡು ಮೊಟ್ಟೆ ಇಟ್ಟಿದೆ, ಕಂದು ಹಸುಗೆ ಭೇದಿ, ಎಡಗೈ ಜೋಮು ಹಿಡ್ದಿದೆ, ಹೊಸದೇನಿಲ್ಲ. ದಿನಾ ಹೀಗೇ ಹೇಳ್ತಿದ್ರು. ನಾನು ಕೊನೇದನ್ನ ಮಾತ್ರ ಬರೀತಿದ್ದೆ. ಖಾನೆ ಸಣ್ಣದಿತ್ತು." ನೋಟ್‌ಬುಕ್ಕು ಮುಚ್ಚಿ ಹೇಳುತ್ತಾರೆ, "ಯಂತ್ರ ಸುಳ್ಳು ಹೇಳ್ಲಿಲ್ಲ. ನನ್ನ ವಹಿ ನೋಡಿ ಕಲೀತು."

ಅವತ್ತೇ ಅವರು ರೊಮಿನಾರನ್ನು ಕೇಳಿದರು: ಯಾರೂ ಏನೂ ಹೇಳದ ದಿನ ಷರಾ ಖಾಲಿ ಇರಲಿ. ಖಾಲಿ ಕಂಡರೆ ಯಾರಾದರೂ ಯಾಕೆ ಎಂದು ಕೇಳುತ್ತಾರೆ.

ರೊಮಿನಾ ಕಲ್ಲು ಮನಸ್ಸಿನವರಲ್ಲ. ಏಳು ಗಂಟೆ ಪ್ರಯಾಣ ಮಾಡಿ ಮಣ್ಣಿಗೆ ಹೋಗಿ ಬಂದಿದ್ದರು. ಆದರೆ ಖಾನೆ ಖಾಲಿ ಬಿಟ್ಟರೆ ಅಂಕಿ ಎಂಬತ್ತಮೂರಕ್ಕೆ ಇಳಿಯುತ್ತದೆ, ಅದು ಯಜಮಾನರ ಫೋನಿನಲ್ಲಿ ಕೆಂಪಗೆ ಕಾಣುತ್ತದೆ. "ಒಂದ್ಸಲ ಮುಟ್ಟಿದ ಗುರಿಯಿಂದ ಹಿಂದೆ ಬಂದ್ವಿ ಅಂತ ಹೇಗೆ ಹೇಳ್ಲಿ ನ್ಯಾ ಒಬ್ದುಲಿಯಾ? ನಾಲ್ಕು ಜನರ ಇಡೀ ವರ್ಷದ ಕೆಲಸ ಅದು. ಪ್ರತಿ ಹಟ್ಟಿಗೂ ತುರ್ತಿಗೆ ಒತ್ತೋ ಗುಂಡಿ ಕೇಳಿದೀನಿ. ಬರುತ್ತೆ."

"ಗುಂಡಿ ಒತ್ತೋಕೆ ಕೈ ಬೇಕಲ್ಲ," ಎಂದರು ಒಬ್ದುಲಿಯಾ.

ಗುಂಡಿ ಇನ್ನೂ ಬಂದಿಲ್ಲ. ಆ ಮಾತಿನ ಮಾರನೆಯ ಬೆಳಗ್ಗೆಯಿಂದ ಒಬ್ದುಲಿಯಾ ಶೆಡ್ಡಿಗೆ ಬರುತ್ತಿದ್ದಾರೆ. ಐದು ತಿಂಗಳಾಯಿತು, ಒಂದು ದಿನವೂ ತಪ್ಪಿಸಿಲ್ಲ. ಕಾವಲುಗಾರ ಬಾಗಿಲು ತೆಗೆದುಕೊಟ್ಟು ತಾನೂ ಒಂದು ಬುರುಡೆ ಕಷಾಯ ಕುಡಿಯುತ್ತಾನೆ. ರೊಮಿನಾರಿಗೂ ಗೊತ್ತಿದೆ. ನಿಲ್ಲಿಸಿ ಎಂದಿಲ್ಲ, ಮಾಡಿ ಎಂದೂ ಹೇಳಿಲ್ಲ. ಈ ನಡುವೆ ಒಮ್ಮೆ ಮಾತ್ರ ಒಂದು ಹಟ್ಟಿ ಮೂರು ಕರೆಗೂ ಉತ್ತರ ಕೊಡಲಿಲ್ಲ. ಪಕ್ಕದವನು ಓಡಿದ. ಆ ಹಟ್ಟಿಯವನು ಕುಡಿದು ಮಲಗಿದ್ದ, ಎಬ್ಬಿಸಿದ್ದಕ್ಕೆ ಬೈದನಂತೆ. "ಬೈಲಿ," ಅನ್ನುತ್ತಾರೆ ಒಬ್ದುಲಿಯಾ.

ಏಳು ಗಂಟೆ. ಅವರು ಮೇಲೆ ಹೋಗಿ ವರದಿಯನ್ನು ಅಚ್ಚು ತೆಗೆಯುತ್ತಾರೆ. ಪೋಸೊ ಅಮಾರ್ಗೊಗೆ ಹೊಸಬರನ್ನು ಹಾಕಿಲ್ಲ. ಅಲ್ಲಿ ಈಗ ಕಂಬ ಇದೆ, ಪಂಪು ಇದೆ, ದನ ಇದೆ, ಮನುಷ್ಯರಿಲ್ಲ. ಸಾಲಿನ ಕೊನೆಯಲ್ಲಿ ಇವತ್ತೂ 'ಹೊಸದೇನಿಲ್ಲ' ಎಂದಿದೆ. ಒಬ್ದುಲಿಯಾ ಪೆನ್ಸಿಲಿನಿಂದ ಅದನ್ನು ಹೊಡೆದುಹಾಕಿ ಹಾಳೆಯನ್ನು ಯಜಮಾನರ ಮೇಜಿನ ಮೇಲಿಡುತ್ತಾರೆ. ಯಾಕೆಂದು ಇದುವರೆಗೆ ಯಾರೂ ಕೇಳಿಲ್ಲ.

ಈ ಏಪ್ರಿಲ್‌ನಲ್ಲಿ ಮತ್ತೆ ಗುರಿಯ ಹಾಳೆ ಹಂಚಿದ್ದಾರೆ. ಒಬ್ದುಲಿಯಾ ತುಂಬಿಕೊಟ್ಟದ್ದು ಎರಡು ಸಲ ವಾಪಸು ಬಂದಿದೆ. ಅಂಕಿ ತಿರುವುಮುರುವಾಗಿದೆ, ಸರಿಪಡಿಸಿ ಎಂದು ಅಂಚಿನಲ್ಲಿ ರೊಮಿನಾರ ಬರಹವಿದೆ. ಅವರು ಮೂರನೆಯ ಹಾಳೆ ತೆಗೆದುಕೊಂಡು ಅದನ್ನೇ ಮತ್ತೆ ಬರೆಯುತ್ತಾರೆ: ಈಗ ನೂರು. ಜೂನ್ ಮೂವತ್ತಕ್ಕೆ ಎಂಬತ್ತಮೂರು.

"ತಿರುವುಮುರುವಾಗಿಲ್ಲ," ಎಂದು ಹಾಳೆ ಮಡಚುತ್ತಾರೆ. "ಅಂಕಿ ಇದೆ. ತಾರೀಖೂ ಇದೆ."